ಕೆಂಪು ದಾರದ ಮೊಲ

ಮನೆಗೆ ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲು ಅವರ ಚರ್ಮ ಕೇಳುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ಅಂಥವನ ಬೆನ್ನಿಗೇ ಹುಟ್ಟಿ, ಅವನ ಜೊತೆ ಒಂದೇ ಗಂಗಾಳದಲ್ಲಿ ಉಂಡು ಬೆಳೆದವಳು. ಅವನು ನಮ್ಮಣ್ಣ. ಬನಹಟ್ಟಿಯ ನಮ್ಮ ಓಣಿಯಲ್ಲಿ ಕೆಲವರು ಅವನನ್ನು ಸೈಂಟಿಸ್ಟ್ ಎನ್ನುತ್ತಿದ್ದರು. ಉಳಿದವರು ಅವನನ್ನು ಕಂಡರೆ ತೋಳು ಮುಚ್ಚಿಕೊಳ್ಳುತ್ತಿದ್ದರು.

ನಾನು ಕಲಿತದ್ದು ಕನ್ನಡ ನಾಲ್ಕನೆಯ ಇಯತ್ತೆ. ಅಲ್ಲಿಂದ ಮಗ್ಗಕ್ಕೆ ಇಳಿದೆ. ಅವನು ಜಮಖಂಡಿಯಲ್ಲಿ ಮ್ಯಾಟ್ರಿಕ್ ಮುಗಿಸಿ, ಪುಣೆಯಲ್ಲಿ ಕಲಿತು, ಮುಂಬಯಿಯ ಒಂದು ಪ್ರಯೋಗಶಾಲೆ ಸೇರಿದ. ಆಗ ನಮ್ಮ ಊರೂ ಮುಂಬಯಿ ರಾಜ್ಯದಲ್ಲೇ ಇತ್ತಲ್ಲ, ಹಾಗಾಗಿ ಮಗ ದೂರ ಹೋಗಿದ್ದಾನೆಂದು ಅವ್ವನಿಗೆ ಎನಿಸಿರಲೇ ಇಲ್ಲ. "ನಮ್ಮ ರಾಜ್ಯದಾಗ ಅದಾನ ತಗೋರಿ" ಎನ್ನುತ್ತಿದ್ದಳು, ಅವನು ಸಂಜೆಗೆ ರೊಟ್ಟಿ ತಿನ್ನಲು ಬಂದುಬಿಡುವವನಂತೆ.

ಅವನು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಒಂದೇ. ಒಬ್ಬರ ಅಂಗವನ್ನು ಇನ್ನೊಬ್ಬರಿಗೆ ಹಚ್ಚಿದರೆ ಆ ಮೈ ಅದನ್ನು ಯಾಕೆ ಒಲ್ಲೆ ಎನ್ನುತ್ತದೆ?

"ಮುಂದ ಮೂತ್ರಪಿಂಡ ಕೆಟ್ಟವಗ ಬ್ಯಾರೇದವರದು ಹಾಕಿ ಬದುಕಸೂ ಕಾಲ ಬರತೈತಿ. ಆದ್ರ ಮೈ ಒಪ್ಪಬೇಕಲ್ಲ? ಅದನ್ನ ತಿಳಕೊಳ್ಳಾಕ ಮೊದಲ ಚರ್ಮ ಹಚ್ಚಿ ನೋಡಬೇಕು" ಎನ್ನುತ್ತಿದ್ದ.

ನಮ್ಮಪ್ಪ ನೇಕಾರ. ಮಗ್ಗದ ಮೇಲಿನ ಹಳೆಯ ಹಾಸು ತೀರಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಬೂದಿ ಹಚ್ಚಿ ಹೊಸೆದು ಕೂಡಿಸುವುದು ಅವನ ನಿತ್ಯದ ಕೆಲಸ. ಅವನಿಗೆ ಇದೆಲ್ಲ ದೊಡ್ಡ ಮಾತೆನಿಸಲಿಲ್ಲ.

"ನಾ ಇಷ್ಟ ಎಳಿ ಕೂಡಸ್ತೇನಿ. ಒಂದರೆ ಒಲ್ಲೆ ಅಂದೈತೇನಲೇ? ನಿನ್ನ ಕೈಗುಣಾನ ಸರಿ ಇಲ್ಲ."

ಒಮ್ಮೆ ಅಣ್ಣ ರಜೆಗೆ ಬಂದಾಗ ಬೀಳಗಿಯಿಂದ ನಮ್ಮ ಸೋದರಮಾವ ಬಂದ. ಅಪ್ಪ ಅವನ ಮಗಳ ಮದುವೆಗೆ ಓಡಾಡಿದ್ದ. ಮಾವ ಕಣ್ಣಲ್ಲಿ ನೀರು ತಂದುಕೊಂಡು, "ನನ್ನ ಚರ್ಮ ಸುಲಿದು ನಿಮ್ಮಪ್ಪಗ ಚಪ್ಪಲಿ ಮಾಡಸಿದ್ರೂ ಕಡಿಮಿನ" ಎಂದ. ನೀವು ನಾವು ಇಂಥ ಮಾತು ಕೇಳಿದರೆ ಏನು ಮಾಡುತ್ತೇವೆ? ಚಹಾ ಕೊಡುತ್ತೇವೆ. ಅಣ್ಣ ಎದ್ದುಹೋಗಿ ತನ್ನ ಚಾಕುವಿನ ಡಬ್ಬಿ ತಂದ.

"ಚಪ್ಪಲಿ ಆಗೂವಷ್ಟ ಬ್ಯಾಡ್ರಿ ಮಾವಾ. ಎರಡ ಬೆರಳ ಅಗಲ ಸಾಕು. ತೊಡೀದು ಆದ್ರ ಛಲೋ."

ಮಾವ ಊಟಕ್ಕೆ ನಿಲ್ಲಲಿಲ್ಲ, ಬೀಳಗಿಯ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟ. ಆ ಹೊತ್ತಿಗೆ ಬೀಳಗಿಗೆ ಬಸ್ಸೇ ಇರಲಿಲ್ಲ.

ಇನ್ನು ಮುಧೋಳಕ್ಕೆ ಹೆಣ್ಣು ನೋಡಲು ಹೋದ ಕಥೆ. ಹುಡುಗಿ ಅವಲಕ್ಕಿಯ ತಾಟು ತಂದಿಟ್ಟು ತಲೆ ತಗ್ಗಿಸಿ ಕುಳಿತಳು. ಅಣ್ಣ ಅವಳನ್ನು ನೋಡಲೇ ಇಲ್ಲ. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಇನ್ನೊಂದು ಮುಖವನ್ನೇ ನೋಡುತ್ತಿದ್ದ. ಎರಡೂ ಮುಖ ಒಂದೇ ಅಚ್ಚು.

"ಅವಳಿ ಜವಳಿ ಅದಾರೇನ್ರಿ?" ಎಂದು ಹುಡುಗಿಯ ಅಪ್ಪನನ್ನು ಕೇಳಿದ. ಹಸಿದವನಿಗೆ ಹೋಳಿಗೆಯ ಪರಿಮಳ ಬಂದಂತಿತ್ತು ಅವನ ದನಿ.

"ಹೌದ್ರಿ. ಯಾಕ್ರಿ?"

"ನನಗ ಇಬ್ಬರೂ ಬೇಕಾಗಿತ್ರಿ."

ಅವಳಿಗಳಾದರೆ ಒಬ್ಬರ ಚರ್ಮವನ್ನು ಇನ್ನೊಬ್ಬರ ಮೈ ತನ್ನದೆಂದೇ ಒಪ್ಪಿಕೊಳ್ಳುತ್ತದಂತೆ, ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವನದು. ಅದನ್ನು ಬಿಡಿಸಿ ಹೇಳುವಷ್ಟು ವ್ಯವಧಾನ ಯಾರು ಕೊಡುತ್ತಾರೆ? ನಾವು ಅವಲಕ್ಕಿ ಅಲ್ಲೇ ಬಿಟ್ಟು ಅಂಗಳ ದಾಟುವಾಗ ನಮ್ಮ ಚಪ್ಪಲಿಗಳು ನಮಗಿಂತ ಮುಂಚೆ ಬೀದಿಗೆ ಬಂದು ಬಿದ್ದಿದ್ದವು.

ಇಷ್ಟರ ಮೇಲೆ ಅವನಿಗೆ ಮುಂಬಯಿಯಲ್ಲಿ ಕಾಮಣಿ ಆಯಿತು. ಹಳದಿ ಕಣ್ಣು ಮಾಡಿಕೊಂಡು, ಮೂರು ಮೊಲಗಳ ಸಮೇತ ಕುಡಚಿ ಸ್ಟೇಷನ್ನಿನಲ್ಲಿ ಇಳಿದ. ಮೈ ಸುಧಾರಿಸುವತನಕ ಮನೆಯಲ್ಲೇ ಒಂದು ಪ್ರಯೋಗ ಮುಗಿಸಬೇಕಿತ್ತು. ಮೈಗೆ ನೆನಪಿರುತ್ತದೆ ಎಂದು ಇಂಗ್ಲೆಂಡಿನಲ್ಲಿ ಯಾರೋ ಮೊಲಗಳ ಮೇಲೆ ಕಂಡುಹಿಡಿದಿದ್ದರಂತೆ, ಅದೇ ಅವನ ಮಾತೂ. ಒಮ್ಮೆ ಒಲ್ಲೆ ಎಂದ ಚರ್ಮವೇ ಎರಡನೆಯ ಸಲ ಬಂದರೆ ಮೈ ಅದನ್ನು ಗುರುತು ಹಿಡಿದು, ಮೊದಲಿಗಿಂತ ಬೇಗ ಹೊರಗೆ ಹಾಕುತ್ತದೆ.

"ಅಂದ್ರ ಥೇಟ ನಿಮ್ಮ ಸ್ವಾದರತ್ತಿ" ಎಂದಳು ಅವ್ವ. ಅವಳಷ್ಟು ಬೇಗ ವಿಜ್ಞಾನ ತಿಳಿದವರನ್ನು ನಾನು ಕಂಡಿಲ್ಲ.

ಆದರೆ ಮುಂಬಯಿಯ ಅವನ ಸಾಹೇಬರು ಒಪ್ಪಿರಲಿಲ್ಲ. ಇಂಗ್ಲೆಂಡಿನ ಮೊಲ ಹಾಗೆ ಮಾಡಿರಬಹುದು, ನಿನ್ನ ಕೈಯಲ್ಲಿನ ಮೊಲ ಮಾಡುತ್ತದೋ ತೋರಿಸು, ತೋರಿಸಿದರೆ ನೌಕರಿ ಖಾಯಂ ಎಂದಿದ್ದರು. ಹೀಗೆ ನಮ್ಮಣ್ಣನ ಅನ್ನ ಒಂದು ಮೊಲದ ಜ್ಞಾಪಕಶಕ್ತಿಯ ಮೇಲೆ ನಿಂತಿತು.

ಖಾಲಿ ಬಿದ್ದಿದ್ದ ಇನ್ನೊಂದು ಮಗ್ಗದ ಕುಣಿಯಲ್ಲಿ, ನೇಯುವವರು ಕಾಲು ಇಳಿಬಿಡುವ ಗುಂಡಿಯಲ್ಲಿ, ಮೊಲಗಳ ಸಂಸಾರ ಹೂಡಿದ. ಒಂದು ಕಂದು, ಎರಡು ಬಿಳಿ. ಬಿಳಿಯವು ಒಂದಕ್ಕೊಂದು ಅಷ್ಟು ಹೋಲುತ್ತಿದ್ದವೆಂದು ಒಂದರ ಕೊರಳಿಗೆ ಅಪ್ಪನ ಕೆಂಪು ರೇಷ್ಮೆಯ ದಾರ ಕಟ್ಟಿದ. ಕೆಂಪು ದಾರದ್ದರ ಬೆನ್ನಿನ ಚರ್ಮ ತೆಗೆದು ಕಂದು ಮೊಲಕ್ಕೆ ಹಚ್ಚಿದ. ದಾರವಿಲ್ಲದ್ದರ ಚರ್ಮ ತೆಗೆದು, ಹೋಲಿಸಿ ನೋಡಲೆಂದು, ತಿರುಗಿ ಅದರ ಮೈಗೇ ಹಚ್ಚಿದ. ಮೂವರಿಗೂ ನಮ್ಮ ಹರಕು ಸೀರೆಯ ಬಣ್ಣದ ಅಂಚಿನ ದಡಿಯಿಂದಲೇ ಪಟ್ಟಿ. ನೋಡಲು ಬಂದ ಓಣಿಯ ಹೆಂಗಸರು, "ಉಡುಗರಿ ಜೋರ ಐತಿ, ಮದವಿ ಯಾವಾಗ್ರಿ?" ಎಂದು ಕೇಳಿ ಹೋದರು.

ದಾರವಿಲ್ಲದ ಮೊಲಕ್ಕೆ ತನ್ನ ಚರ್ಮ ತನಗೆ ಕೂಡಿಕೊಂಡಿತು. ಕಂದು ಮೊಲ ಮಾತ್ರ ಹಚ್ಚಿದ್ದನ್ನು ಒಂದು ವಾರದ ಸಂತೆ ದಾಟುವವರೆಗೆ ಇಟ್ಟುಕೊಂಡು, ಕಪ್ಪಗೆ ಒಣಗಿಸಿ ಉದುರಿಸಿತು. ಅಣ್ಣನಿಗೆ ಖುಷಿಯೋ ಖುಷಿ. ಇನ್ನು ಅದೇ ಕೆಂಪು ದಾರದ ಮೊಲದಿಂದ ಎರಡನೆಯ ತುಂಡು. ಅದು ಮುಂದಿನ ಸಂತೆಗಿಂತ ಮೊದಲೇ ಉದುರಿದರೆ ಗೆದ್ದ.

ಈಗ ನನ್ನ ಸರದಿ.

ಆ ವಾರ ಮಗ್ಗದ ಮೇಲೆ ಬನಶಂಕರಿಗೆ ಉಡಿಸುವ ಸೀರೆ ಇತ್ತು. ಮಡಿಯಿಂದ ನೇಯ್ದು ಕೊಡಬೇಕು, ಅಂದು ಸಂಜೆಯೇ ಗಡುವು. ಅಪ್ಪ ನೂಲು ತರಲು ರಬಕವಿಗೆ ಹೋಗಿದ್ದ. ಸೆರಗಿನ ಹತ್ತಿರ ಬಂದಾಗ ದಡಿಯ ಕೆಂಪು ಎಳೆಯೊಂದು ಕಡಿಯಿತು. ಕೂಡಿಸಲು ಮನೆಯಲ್ಲಿ ಆ ಬಣ್ಣದ ಗೇಣುದ್ದ ದಾರವೂ ಉಳಿದಿರಲಿಲ್ಲ. ಕೆಂಪು ಎಂದರೆ ಎಲ್ಲ ಒಂದೇ ಕೆಂಪಲ್ಲ. ಒಂದು ಹಂಡೆಯಲ್ಲಿ ಅದ್ದಿದ್ದು ಇನ್ನೊಂದರ ಪಕ್ಕದಲ್ಲಿ ಬೇರೆಯಾಗಿ ಕಾಣುತ್ತದೆ, ದೇವಿಯ ಮೈಮೇಲೆ ಇನ್ನೂ ಕಾಣುತ್ತದೆ. ನಾನು ಕಣ್ಣೆತ್ತಿದರೆ ಎದುರಿನ ಕುಣಿಯಲ್ಲಿ ಅದೇ ಹಂಡೆಯ ಕೆಂಪು, ಮೊಲದ ಕೊರಳಲ್ಲಿ!

ಅಣ್ಣ ಒಳಗೆ ಮಲಗಿದ್ದ. ದಾರ ಬಿಚ್ಚಿದೆ, ಎಳೆ ಕೂಡಿಸಿದೆ, ಸೀರೆ ಮುಗಿಸಿದೆ. ಸಂಜೆ ಅಪ್ಪ ತಂದ ಹೊಸ ಕೆಂಪಿನಲ್ಲಿ ಒಂದು ತುಂಡು ಕತ್ತರಿಸಿಕೊಂಡು ಕುಣಿಗೆ ಇಳಿದೆ. ಎರಡು ಬಿಳಿ ಮೊಲ, ಎರಡಕ್ಕೂ ಬೆನ್ನ ಮೇಲೆ ಪಟ್ಟಿ, ಎರಡೂ ನನ್ನನ್ನೇ ನೋಡುತ್ತಿದ್ದವು. ಯಾವುದಕ್ಕೆ ಕಟ್ಟಬೇಕು? ಯಾವುದರ ಮುಖ ಹೆಚ್ಚು ಪರಿಚಯದ್ದೆನಿಸಿತೋ ಅದಕ್ಕೆ ಕಟ್ಟಿದೆ. ಮುಖದ ಪರಿಚಯ ನಂಬಿ ಕೆಟ್ಟವಳು ನಾನೊಬ್ಬಳೇ ಅಲ್ಲವಲ್ಲ?

ಅಣ್ಣನಿಗೆ ಕೆಂಪಿಗೂ ಕೆಂಪಿಗೂ ವ್ಯತ್ಯಾಸ ತಿಳಿಯದು. ಮರುದಿನ ಬೆನ್ನಿನ ಪಟ್ಟಿ ಬಿಚ್ಚದೆ ಆ ಮೊಲದ ಪಕ್ಕೆಯಿಂದಲೇ ಎರಡನೆಯ ತುಂಡು ತೆಗೆದು ಕಂದು ಮೊಲಕ್ಕೆ ಹಚ್ಚಿದ. ಕುಣಿಯ ಅಂಚಿಗೆ ಕುಳಿತು ಕಾದ. ಸಂತೆ ಬಂತು, ಸಂತೆ ಹೋಯಿತು. ತುಂಡು ಗುಲಾಬಿ ಬಣ್ಣ ಕಟ್ಟಿಕೊಂಡು ಹಾಯಾಗಿ ಕುಳಿತಿತ್ತು. ಕೊನೆಗೆ ಮೊದಲಿನದರಷ್ಟೇ ಹೊತ್ತು ತೆಗೆದುಕೊಂಡು ಉದುರಿತು.

ನಾನು ಬಾಯಿ ಬಿಟ್ಟೆನೆ? ಇಲ್ಲ. ಮೊಲದ ಕೊರಳ ದಾರವನ್ನು ದೇವಿಯ ಸೀರೆಗೆ ನೇಯ್ದಿದ್ದೇನೆಂದು ಅಪ್ಪನಿಗೆ ತಿಳಿದರೆ ನನ್ನನ್ನು ಮಗ್ಗದ ಹತ್ತಿರ ಸೇರಿಸುತ್ತಿರಲಿಲ್ಲ. ಅಣ್ಣ ಮುಂಬಯಿಗೆ ಹೋಗಿ, ತನ್ನ ಕೈಯಲ್ಲಿ ಆಗಲಿಲ್ಲವೆಂದು ಸಾಹೇಬರಿಗೆ ಇದ್ದದ್ದು ಇದ್ದಹಾಗೆ ಹೇಳಿ, ಟ್ರಂಕು ಹೊತ್ತು ಮನೆಗೆ ಬಂದ. ಆ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದರು.

"ಆತು ಅಂತ ಹೇಳಬೇಕಿತ್ತಲೇ" ಎಂದ ಅಪ್ಪ. "ಮೊಲಾ ಬಂದು ಸಾಕ್ಷಿ ಹೇಳತಿತ್ತೇನು?"

ಮಧ್ಯಾಹ್ನ ಅಣ್ಣ ಕುಣಿಗಿಳಿದು, ಕಂದು ಮೊಲವನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ಯಾಕ ಮರತ್ಯೋ ಮಾರಾಯಾ?" ಎಂದು ಮೆಲ್ಲಗೆ ಕೇಳುತ್ತಿದ್ದ. ಅದನ್ನು ನನ್ನಿಂದ ಕೇಳಲಾಗಲಿಲ್ಲ. ಅಲ್ಲೇ ಕುಳಿತು ದಾರ, ದೇವಿ, ಸೀರೆ ಎಲ್ಲ ಹೇಳಿಬಿಟ್ಟೆ.

ಅವನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಅರಳುತ್ತ ಹೋಯಿತು.

"ಅಂದ್ರ ಎರಡನೇದು ಬ್ಯಾರೆ ಮೊಲದ್ದು? ತಂಗೀ, ಇದು ಮರತಿಲ್ಲ ಬೇ! ಹೊಸಾ ಮಂದಿ ಬಂದಾರ ಅಂತ ಹೊಸದಾಗಿ ಎಣಿಸೈತಿ. ನಿನಗ ಗೊತ್ತಾಗಲಿಲ್ಲ, ನನಗ ಗೊತ್ತಾಗಲಿಲ್ಲ, ಇದರ ಮೈಗೆ ಗೊತ್ತಾತು ನೋಡು."

"ಯಣ್ಣಾ, ನಿನ್ನ ನೌಕರಿ ಹೋತಲ್ಲೋ."

"ಅದು ಹೋತು" ಎಂದ. ಮೊಲದ ಕಿವಿ ಸವರಿದ. ಆಮೇಲೆ ತನ್ನ ಧೋತರದ ಚುಂಗಿನಿಂದ ನನ್ನ ಮುಖ ಒರೆಸಿದ. ಅದು ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿತ್ತು.

ಅಂದು ಊಟಕ್ಕೆ ಕುಳಿತಾಗ, ಇಷ್ಟು ಓದಿದವನಿಗೆ ಎಲ್ಲಿ ತಪ್ಪಿತು ಎಂದು ಅಪ್ಪ ಕೆದಕಿದ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ, ಕೈ ನಿಂತಿತು.

"ನಂದ ತಪ್ಪು ಯಪ್ಪಾ. ಗುರುತಿನ ದಾರಾ ಸಡಲ ಕಟ್ಟಿದ್ದೆ. ಬಿಚ್ಚಿ ಬಿದ್ದು ಮೊಲಾ ಅದಲ ಬದಲ ಆತು."

"ನೇಕಾರನ ಮಗಾ ಆಗಿ ಒಂದ ಗಂಟ ಹಾಕಾಕ ಬರೂದಿಲ್ಲೇನಲೇ ನಿನಗ?"

ಅಣ್ಣ ತಲೆ ತಗ್ಗಿಸಿ ರೊಟ್ಟಿ ಮುರಿದ. ಮುಂದೆ ಅವನು ಜಮಖಂಡಿಯ ಸಾಲೆಯೊಂದರಲ್ಲಿ ಮಾಸ್ತರನಾದ. ಅಪ್ಪ ಬದುಕಿರುವವರೆಗೂ ಬಂದ ಬೀಗರೆಲ್ಲರ ಮುಂದೆ ಇದೇ ಮಾತು ಹೇಳಿ ನಗುತ್ತಿದ್ದ, ಅಣ್ಣನೂ ಅವರ ಸಂಗಡ ನಗುತ್ತಿದ್ದ. ನಾನು ಒಳಗೆ ಚಹಾ ಸೋಸುತ್ತಿದ್ದೆ.

ಮೊಲದ ಕೊರಳ ಆ ಗಂಟನ್ನು ಅಣ್ಣ ಗಟ್ಟಿಯಾಗಿಯೇ ಕಟ್ಟಿದ್ದ. ಉಗುರಿಗೆ ಸಿಗದೆ, ಬಿಚ್ಚಲು ನಾನು ಹಲ್ಲು ಹಚ್ಚಬೇಕಾಯಿತು.