ಷಡ್ಡಕನ ಬಜೆಟ್ ಉಪವಾಸ

ಜನ ಏಕಾದಶಿಗೆ, ಶಿವರಾತ್ರಿಗೆ ಉಪವಾಸ ಮಾಡುತ್ತಾರೆ. ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಬಜೆಟ್ಟಿಗೆ ಮಾಡುತ್ತಾನೆ. ಬೆಟಗೇರಿಯಲ್ಲಿ ಅವನದೊಂದು ಸೀರೆ ಅಂಗಡಿ. ಹಣಕಾಸು ಮಂತ್ರಿಗಳು ಭಾಷಣ ಮುಗಿಸಿ ಕೂರುವವರೆಗೆ ಟಿವಿಯ ಮುಂದೆ ಕೈಕಟ್ಟಿ ಕೂತಿರುತ್ತಾನೆ, ಗುಟುಕು ಚಹಾ ಕೂಡ ಮುಟ್ಟುವುದಿಲ್ಲ. ರಸ್ತೆಗಳಿಗೆ ದುಡ್ಡು ಬಿಟ್ಟರೆ ಓಣಿಗೆಲ್ಲ ಪೇಢೆ. ನೂಲಿನ ತೆರಿಗೆ ಏರಿದರೆ ಆ ದಿನ ಮನೆಯವರಿಗೂ ಉಪವಾಸ. ಇಂಥವನನ್ನು ಕಂಡು ನಗಬೇಕಲ್ಲವೇ? ನನಗೆ ಹೊಟ್ಟೆ ಉರಿಯುತ್ತದೆ.

ಉರಿಯದೆ ಏನು ಮಾಡೀತು? ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿಸಿಕೊಳ್ಳುವ ನೌಕರ ನಾನು. ತೆರಿಗೆ ನನ್ನದು, ಅಭಿವೃದ್ಧಿ ಅವನದು! ಸರಕಾರ ಡಾಂಬರು ಹಾಕಿದರೆ ಅವನ ಅಂಗಡಿಯ ಮುಂದೆಯೇ ಹಾಕುತ್ತದೆ. ಸಿಂಗಟಾಲೂರಿನಲ್ಲಿ ನದಿಯ ನೀರೆತ್ತಿ ಮುಂಡರಗಿಯ ಹೊಲಗಳಿಗೆ ಹರಿಸಿದರೆ, ಆ ಹೊಲದವರು ಮಗಳ ಮದುವೆ ಸೀರೆಗೆ ಇವನಲ್ಲಿಗೇ ಬರುತ್ತಾರೆ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದಾಗ, ಇನ್ನು ಖಜಾನೆ ಬರಿದಾಗುತ್ತದೆಂದು ನಾನು ವಾದಿಸಿದೆ. ಅವನು ಸೀರೆ ಮಡಚುತ್ತಲೇ ಹೇಳಿದ:

“ಖಜಾನ್ಯಾಗಿನ ರೊಕ್ಕ ಮಲಗಿರತೈತ್ರಿ. ಹೆಣ್ಮಕ್ಕಳ ಕೈಗೆ ಬಂದ್ರ ಊರೆಲ್ಲಾ ತಿರಗತೈತಿ.”

ತಿರುಗಿ ಎಲ್ಲಿಗೆ ಬರುತ್ತದೆಂದು ಕೇಳಿದರೆ ತನ್ನ ಗಲ್ಲಾಪೆಟ್ಟಿಗೆ ತೋರಿಸಿ ನಕ್ಕ. ಬಂದೇ ಬಂತು! ಲಕ್ಷ್ಮೇಶ್ವರ, ಸೊರಟೂರುಗಳಿಂದ ಹೆಂಗಸರು ಗುಂಪುಗುಂಪಾಗಿ ಇಳಿಯತೊಡಗಿದರು. ತಲೆಯೆಂದರೆ ಅವನದೇ ತಲೆ ಎಂದು ನನ್ನ ಹೆಂಡತಿ ಊಟಕ್ಕೊಮ್ಮೆ ಹೊಗಳತೊಡಗಿದಳು. ನನ್ನ ಹೆಗಲ ಮೇಲಿರುವುದೇನೆಂದು ನಾನು ಕೇಳಲಿಲ್ಲ.

ಕಳೆದ ಶ್ರಾವಣದಲ್ಲೊಂದು ದಿನ, ಸರಕಾರದ ಸಾಲ ಏರಿದ ಸುದ್ದಿಯಿದ್ದ ಪತ್ರಿಕೆ ಹಿಡಿದು ಅವನನ್ನು ಸೋಲಿಸಲೆಂದೇ ಅಂಗಡಿಗೆ ಹೋದೆ. ಹೆಂಗಸರ ನಡುವೆ ನನ್ನ ಅವ್ವ ಕೂತಿದ್ದಳು. ಶಿರಹಟ್ಟಿಯಲ್ಲಿ ಅಣ್ಣನ ಮನೆಯಲ್ಲಿರುವ ಅವಳು, ಅಪ್ಪ ಹೋದಂದಿನಿಂದ ಹೊಸ್ತಿಲು ದಾಟಿದವಳಲ್ಲ. ನಾನು ಇಲ್ಲಿಗೆ ಕರೆದಾಗಲೆಲ್ಲ, ಬಸ್ಸಿಗೆ ಸುಮ್ಮನೆ ರೊಕ್ಕ ಯಾಕೆ ಎನ್ನುತ್ತಿದ್ದಳು. ಈಗ ತೊಡೆಯ ಮೇಲೆ ಸೀರೆ ಹರವಿಕೊಂಡು ಷಡ್ಡಕನೊಂದಿಗೆ ಬೆಲೆಗಾಗಿ ಜಗಳವಾಡುತ್ತ ನಗುತ್ತಿದ್ದಳು. ಈ ನಗುವೂ ಅವನ ಪಾಲಿಗೇ ಹೋಯಿತೇ!

ಅವ್ವ ನನ್ನನ್ನು ನೋಡಿದಳು.

“ಈಗ ಬಸ್ಸಿಗೆ ಯಾರ ಹತ್ರಾನೂ ರೊಕ್ಕ ಕೇಳಬೇಕಾಗಿಲ್ಲಪಾ. ಮನಸಾತು, ಎದ್ದು ಬಂದೆ.”

ಸಾಲದ ಸುದ್ದಿಯ ಪತ್ರಿಕೆಯನ್ನು ಮಡಚಿ ಕಂಕುಳಿಗೆ ಸೇರಿಸಿದೆ. ಷಡ್ಡಕ ಸ್ಟೂಲು ಸರಿಸಿದ. ಕೂತೆ. ಅವ್ವ ಹಸಿರು ಸೀರೆಯ ಸೆರಗನ್ನು ಹೆಗಲಿಗೆ ಹಿಡಿದು, ಒಪ್ಪುತ್ತದೆಯೇ ಎಂದು ನನ್ನನ್ನು ಕೇಳಿದಳು. ಅಪ್ಪ ಹೋದ ಮೇಲೆ ಅವಳು ಬಣ್ಣ ಕೇಳಿದ್ದು ಅದೇ ಮೊದಲು.

“ಒಪ್ಪತೈತಬೇ,” ಎಂದೆ.