ದೇವರ ಮನೆಗೆ ಇಂಟರ್‌ನೆಟ್ ಬಂದ ಬಗೆ

ಸಣ್ಣಪುಟ್ಟ ಅನುಗ್ರಹಗಳನ್ನೆಲ್ಲ ಎಣಿಸಿಕೊಳ್ಳುವುದು ನನ್ನ ಅಭ್ಯಾಸ. ಹಾಲು ಉಕ್ಕುವ ಮೊದಲೇ ಒಲೆಯ ಕಡೆ ಕಣ್ಣು ಹೋದರೆ ಒಂದು, ಒಗೆದ ಬಟ್ಟೆ ಒಣಗುವವರೆಗೆ ಮಳೆ ತಡೆದರೆ ಇನ್ನೊಂದು. ಇಷ್ಟಕ್ಕೆಲ್ಲ ಕೈಮುಗಿಯುವವಳಿಗೆ ಅಹಂಕಾರ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಬರುತ್ತದೆ. ಭಕ್ತರಿಗೆ ಬರುವಷ್ಟು ಸಲೀಸಾಗಿ ಅದು ಇನ್ಯಾರಿಗೂ ಬರುವುದಿಲ್ಲ.

ನಮ್ಮದು ವಿನೋಬನಗರದ ಹಳೇ ಮನೆ. ಹನ್ನೊಂದು ವರ್ಷದ ಹಿಂದೆ ನಮ್ಮವರೂ ಮೈದುನನೂ ನಡುವೆ ಗೋಡೆ ಎತ್ತಿ ಅದನ್ನು ಎರಡು ಮನೆ ಮಾಡಿಕೊಂಡರು. ಮೈದುನ ಹೊಸ ಮೀಟರ್ ಬೇಡವೆಂದು ಹಳೆಯದನ್ನೇ ಇಟ್ಟುಕೊಂಡ. ನಮ್ಮ ಕಡೆಗೆ ಹೊಸದು ಬಂತು. ದೇವರ ಮನೆ ನನ್ನ ಪಾಲಿಗೆ ಬಂದದ್ದು ಪೂರ್ವಜನ್ಮದ ಪುಣ್ಯ. ಎಣ್ಣೆ ದೀಪಕ್ಕೆ ಬೆಕ್ಕಿನ ಕಾಟವಾದ್ದರಿಂದ ಅಲ್ಲಿ ಹಗಲೂ ರಾತ್ರಿ ಒಂದು ಪುಟ್ಟ ಬಲ್ಬು ಉರಿಯುತ್ತದೆ. ಗೋಡೆಯಾಚೆಯ ವಾರಗಿತ್ತಿ ವೀಣಾ ಒಂದು ಊದುಬತ್ತಿ ಹಚ್ಚಿ ಕೆಲಸಕ್ಕೆ ಓಡುವವಳು. “ದೀಪ ಆರದ ಮನೆ ಅಂದ್ರೆ ಸುಮ್ನೇನಾ?” ಎಂದು ಅವಳಿಗೆ ಕೇಳಿಸುವ ಹಾಗೆ ಎಷ್ಟು ಸಲ ಅಂದಿದ್ದೇನೋ.

ನಮ್ಮ ಸಹಸ್ರನಾಮದ ಬಳಗ ಈಗ ಸೇರುವುದು ಮೊಬೈಲಿನಲ್ಲಿ. ಎರಡು ವರ್ಷ ಕಾದ ಮೇಲೆ ಮುಂದೆ ನಿಂತು ಹೇಳಿಕೊಡುವ ಸರದಿ ನನಗೆ ಬಂತು, ಶುಕ್ರವಾರ ಸಂಜೆ ಐದಕ್ಕೆ. ದೇವರೆದುರೇ ಕೂರಬೇಕೆಂಬುದು ನನ್ನ ಹಟ. ವೈಫೈ ಇರುವುದು ಮುಂದಿನ ಹಾಲಿನಲ್ಲಿ, ದೇವರಿರುವುದು ಕಟ್ಟಕಡೆಗೆ. ಹಿಂದಿನ ವಾರದ ಅಭ್ಯಾಸದಲ್ಲಿ ಅರ್ಧ ನಾಮಕ್ಕೆ ಬಾಯಿ ತೆರೆದುಕೊಂಡು ಚಿತ್ರದ ಹಾಗೆ ನಿಂತುಬಿಟ್ಟಿದ್ದೆನಂತೆ. ಇನ್ನೊಮ್ಮೆ ಹಾಗಾದರೆ ಸರದಿ ವಿದ್ಯಾನಗರದ ಸರೋಜಮ್ಮನಿಗೆ ಹೋಗುವುದು ಖಂಡಿತ.

ನಮ್ಮವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ವಿಭಾಗದವರು. ನನ್ನ ಗೋಳು ಕೇಳಲಾರದೆ ಅಲ್ಲಿಂದ ಎರಡು ಬಿಳಿ ಡಬ್ಬಿ ತಂದರು. ಒಂದನ್ನು ವೈಫೈ ಪೆಟ್ಟಿಗೆಗೆ ಜೋಡಿಸಿ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿ, ಇನ್ನೊಂದನ್ನು ದೇವರ ಮನೆಯ ಪ್ಲಗ್ಗಿಗೆ ಹಾಕಿದರೆ ಕರೆಂಟಿನ ತಂತಿಯಲ್ಲೇ ಇಂಟರ್‌ನೆಟ್ಟೂ ಹರಿದು ಬರುತ್ತದಂತೆ.

“ನಾನೇ ಕೈಯಾರೆ ಮಾಡಿದ ವೈರಿಂಗ್ ಮಾರಾಯ್ತಿ. ಇಂಟರ್‌ನೆಟ್ ಏನು, ತ್ಯಾವರೆಕೊಪ್ಪದ ಸಫಾರಿ ಹುಲಿನೂ ಇದ್ರಲ್ಲಿ ಓಡಾಡ್ಬೋದು” ಎಂದರು.

ನಾನು ಡಬ್ಬಿಗಳಿಗೆ ಕುಂಕುಮ ಇಟ್ಟೆ. ಮಲಗುವ ಕೋಣೆಯಲ್ಲಿ ಸಿಕ್ಕಿಸಿದರೆ ಹಸಿರು ದೀಪ. ದೇವರ ಮನೆಯಲ್ಲಿ ಮಾತ್ರ ಕೆಂಪು. “ಕುಂಕುಮ ಒಳಗೆ ಹೋಗಿದೆ” ಎಂದು ಅವರು ನನ್ನ ಭಕ್ತಿಯ ಮೇಲೆ ತಪ್ಪು ಹೊರಿಸಿದರು. ಶುಕ್ರವಾರ ನಾಲ್ಕಕ್ಕೆ, ಪ್ಲಗ್ ಬಿಚ್ಚಿ ನೋಡುತ್ತೇನೆಂದು ಮೇನ್ ಸ್ವಿಚ್ ಆರಿಸಿದರು. ಫ್ಯಾನ್ ನಿಂತಿತು, ಫ್ರಿಜ್ಜಿನ ಗೊರಕೆ ನಿಂತಿತು. ದೇವರ ದೀಪ ಮಾತ್ರ ಉರಿಯುತ್ತಲೇ ಇತ್ತು!

ನಾನು ಅಡ್ಡಬಿದ್ದೆ. ಅವರು ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟರು. ನಾನದನ್ನು ಭಕ್ತಿಯೆಂದೇ ತಿಳಿದು ಹಿತ್ತಿಲಿಗೆ ಓಡಿದೆ. “ವೀಣಾ, ಬಾರೇ! ಕರೆಂಟಿಲ್ದೇ ದೀಪ ಉರೀತಿದೆ!”

ವೀಣಾ ಬಂದಳು, ನೋಡಿದಳು, ಸೀದಾ ತನ್ನ ಮನೆಗೆ ವಾಪಸು ಹೋದಳು. ಗೋಡೆಯಾಚೆಯಿಂದ ಧ್ವನಿ ಬಂತು. “ಅಕ್ಕಾ, ಈಗ?”

ದೀಪ ಆರಿತು.

“ಈಗ?”

ಹೊತ್ತಿತು.

“ಈಗ?”

“ಸಾಕು ಬಿಡೇ, ದೇವ್ರ ಜೊತೆ ಆಟ ಆಡ್ಬೇಡ!” ಎಂದು ಕೂಗಿದೆ.

“ಅದು ನಮ್ ಮೀಟರಿನ ಲೈನು ಅಕ್ಕಾ. ಹನ್ನೊಂದು ವರ್ಷದಿಂದ ಉರೀತಿರೋದು ನಮ್ ದೀಪ.”

“ಗೋಡೆ ಎತ್ತೋವಾಗ ಒಂದು ಪಾಯಿಂಟ್ ಬದಲಾಯಿಸೋಕೆ ಮರ್ತಿರ್ಬೇಕು” ಎಂದು ನಮ್ಮವರು ಚಾವಣಿಗೆ ಹೇಳಿದರು. ಬೇರೆ ಮೀಟರಿನ ತಂತಿಗೆ ನಮ್ಮ ಇಂಟರ್‌ನೆಟ್ ದಾಟುವುದಿಲ್ಲವಂತೆ.

“ನಿಮ್ಮ ಹುಲಿಗೆ ಗೋಡೆ ಹಾರೋಕಾಗ್ಲಿಲ್ಲ ಅನ್ನಿ” ಎಂದೆ.

ಐದಾಗಲು ಹತ್ತು ನಿಮಿಷ. ನನ್ನ ಮುಖ ನೋಡಿ ವೀಣಾಗೇ ಕನಿಕರವಾಯಿತು. ನಮ್ಮ ವೈಫೈಗೆ ಜೋಡಿಸಿದ್ದ ಡಬ್ಬಿಯನ್ನು ಕಿತ್ತುಕೊಂಡು ಹೋಗಿ ತನ್ನ ಮನೆಯ ವೈಫೈಗೆ ಜೋಡಿಸಿದಳು. ಈಚೆ ಹಸಿರು ಹೊತ್ತಿತು. ಸಾವಿರ ನಾಮವೂ ಒಂದೂ ತಡೆಯಿಲ್ಲದೆ ನಡೆಯಿತು.

ಮುಗಿದ ಮೇಲೆ ಬಳಗದ ಹಿರಿಯರೊಬ್ಬರು, “ಎಷ್ಟು ಸ್ಪಷ್ಟವಾಗಿ ಕೇಳಿಸ್ತಮ್ಮಾ! ಆ ದೀಪದ ಕಳೆ ನೋಡಿ. ನೀವೇ ಕಾಪಾಡ್ಕೊಂಡ್ ಬಂದಿದ್ದಾ?” ಎಂದರು.

“ಎಲ್ಲ ಅಮ್ಮನವರ ದಯೆ” ಎಂದೆ.

ಮೊಬೈಲಿಗೆ ಕಾಣದಂತೆ ಪಕ್ಕದಲ್ಲಿ ಕೂತಿದ್ದ ವೀಣಾ ಮೇಲೆದ್ದು, “ಅಕ್ಕಾ, ಸ್ವಿಚ್ ಹತ್ರ ಹೋಗ್ಲಾ?” ಎಂದು ಪಿಸುಗುಟ್ಟಿದಳು.

“ನಮ್ಮ ವೀ... ವೀಣಾಳ ದಯೆನೂ” ಎಂದು ಸೇರಿಸಿದೆ. ಸಾವಿರ ಹೆಸರು ಸಲೀಸಾಗಿ ಹೇಳಿದ ನಾಲಿಗೆ ಆ ಒಂದು ಹೆಸರಿಗೆ ತೊಡರಿದ್ದನ್ನು ಬಳಗದವರೆಲ್ಲ ಇವತ್ತಿಗೂ ನೆಟ್‌ವರ್ಕಿನ ದೋಷವೆಂದೇ ನಂಬಿದ್ದಾರೆ. ಅದೂ ಒಂದು ಅನುಗ್ರಹ.