ಹತ್ತೊಂಬತ್ತರ ಮುಖ

ಇಪ್ಪತ್ತಾರು ವರ್ಷಗಳ ಹಿಂದೆ ಶಿಲ್ಲಾಂಗಿನ ಬಸ್ ನಿಲ್ದಾಣದಲ್ಲಿ, ಹೊರಟು ನಿಂತ ಬಸ್ಸಿನ ಕಿಟಕಿಯ ಕೆಳಗೆ ನಿಂತು, ಕಿಟ್‌ಬೊಕ್ ಒಂದು ಮಾತು ಕೊಟ್ಟಿದ್ದ.

ಬಸ್ಸಿನೊಳಗೆ ಅವನ ಬ್ಯಾಂಡಿನ ಮೂವರು ಕೂತಿದ್ದರು. ಗುವಾಹಟಿಗೆ ಇಳಿದು, ಅಲ್ಲಿಂದ ಕೊಲ್ಕತ್ತಾದ ರೈಲು ಹಿಡಿದು, ದೊಡ್ಡದೊಂದು ಸ್ಪರ್ಧೆಯಲ್ಲಿ ನುಡಿಸುವವರಿದ್ದರು. ನಾಲ್ಕನೆಯವನಾದ ಕಿಟ್‌ಬೊಕ್, ಬೇಸ್ ಗಿಟಾರಿನವನು, ಕೆಳಗೇ ಉಳಿದಿದ್ದ. ಸೋಮವಾರದಿಂದ ಅವನಿಗೆ ಅಚ್ಚಿನ ಮನೆಯಲ್ಲಿ ಪುಟ ಜೋಡಿಸುವ ಕೆಲಸ ಸಿಕ್ಕಿತ್ತು. ಕೆಲಸ ಇದ್ದರೆ ಮಾತ್ರ ಮಗಳು ಎಂದು ಅತ್ತೆಯಾಗಲಿದ್ದವಳು ಹೇಳಿಬಿಟ್ಟಿದ್ದಳು.

"ನೀನಿಲ್ದೆ ಅಲ್ಲಿ ಹೋಗಿ ಏನ್ ಬಾರಿಸ್ಲಿ? ನಿನ್ನ ತಲೆನಾ?" ಎಂದು ಕಿಟಕಿಯಿಂದ ಎಡ್ವೆಲ್ ಕೇಳಿದ. ಎಡ್ವೆಲ್ ಎಂದರೆ ಕೆಂಪು ಗಿಟಾರು, ಕೆಂಪು ಗಿಟಾರು ಎಂದರೆ ಎಡ್ವೆಲ್. ಅವನು ತಂತಿ ಮುಟ್ಟಿದರೆ ಬೀದಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸಿ ಬಾಲ ಮಡಚಿ ಕೂರುತ್ತಿದ್ದವು.

"ಎಡ್ವೆಲ್, ಕೇಳಿಲ್ಲಿ. ಒಂದಲ್ಲ ಒಂದು ದಿನ ನಾನು ಹಾಡಿನ ಪತ್ರಿಕೆ ಮಾಡ್ತೀನಿ. ಅದರ ಮೊದಲ್ನೇ ಸಂಚಿಕೆ ಮುಖಪುಟದಲ್ಲಿ ನೀನೇ. ದೇವರಾಣೆಗೂ."

ಬಸ್ಸು ಹೋಯಿತು. ಬೇಸ್ ಇಲ್ಲದ ಬ್ಯಾಂಡು ಒಂದು ಕಾಲು ಮುರಿದ ಮಂಚದ ಹಾಗೆ ವೇದಿಕೆಯ ಮೇಲೆ ಕುಸಿದು, ವಾರದೊಳಗೆ ವಾಪಸ್ಸು ಬಂತು. ಎಡ್ವೆಲ್ ಕೆಂಪು ಗಿಟಾರನ್ನು ಗೋಡೆಗೆ ತೂಗುಹಾಕಿ ಟೀರ್ ಕೌಂಟರಿನಲ್ಲಿ ಕೂತ. ಬಿಲ್ಲುಗಾರರು ಮಧ್ಯಾಹ್ನ ಎರಡು ಸುತ್ತು ಬಾಣ ಬಿಡುತ್ತಾರೆ. ಗುರಿಗೆ ನೆಟ್ಟ ಬಾಣಗಳ ಎಣಿಕೆಯಲ್ಲಿ ಕೊನೆಯ ಎರಡಂಕಿ ಯಾವುದು ಬಂದೀತೆಂದು ಊರೆಲ್ಲ ಪಣ ಕಟ್ಟಿರುತ್ತದೆ. ಆ ಪಣದ ಚೀಟಿ ಬರೆಯುವ ಕೆಲಸ ಅವನದು.

ಅವನ ಕೌಂಟರಿನ ಮುಂದೆ ಹಾಯಬಾರದೆಂದು ಕಿಟ್‌ಬೊಕ್ ಅಂದಿನಿಂದ ಇಂದಿನವರೆಗೆ ನೂರಾಹನ್ನೆರಡು ಮೆಟ್ಟಿಲಿನ ಬಳಸುದಾರಿ ಹತ್ತಿ ಮನೆಗೆ ಹೋಗುತ್ತಿದ್ದ. ಮಂಡಿ ಸವೆದದ್ದು ವಯಸ್ಸಿನಿಂದಲ್ಲ, ಆ ಮಾತಿನಿಂದ.

ಕೊನೆಗೂ ಈ ವರ್ಷ ಪತ್ರಿಕೆ ಬಂತು. ಅವನದೇನೂ ಅಲ್ಲ, ಇಬಾನ್ರಿ ಎಂಬ ಇಪ್ಪತ್ಮೂರರ ಹುಡುಗಿಯದು. ಹತ್ತೊಂಬತ್ತರ ಆಜುಬಾಜಿನ ಮಕ್ಕಳಿಗಾಗಿ ಹಾಡಿನ ಪತ್ರಿಕೆ, ಹೆಸರೂ ಅಂಕಿಯಲ್ಲಿ '೧೯' ಎಂದೇ. ವಿನ್ಯಾಸಕ್ಕೆ ಅವಳು ಹುಡುಕಿಕೊಂಡು ಬಂದದ್ದು ಕಿಟ್‌ಬೊಕ್‌ನನ್ನು. ಅಗ್ಗಕ್ಕೆ ಸಿಗುತ್ತಿದ್ದವನು ಅವನೊಬ್ಬನೇ.

ಆದರೆ ಇಪ್ಪತ್ತಾರು ವರ್ಷ ಚರ್ಚಿನ ಹಾಡಿನ ಪುಸ್ತಕ, ಮದುವೆ ಕಾಗದ, ಸಾವಿನ ಕಾರ್ಡು ಇವನ್ನೇ ಜೋಡಿಸಿದ ಕೈ ಅದು. ಏನು ಮಾಡಿದರೂ ಅಂಚಿಗೆ ತಾನಾಗಿ ಒಂದು ಕಪ್ಪು ಗೆರೆ ಬಂದು ಕೂರುತ್ತಿತ್ತು, ಮೂಲೆಯಲ್ಲಿ ಒಂದು ಪಾರಿವಾಳ.

"ಬಾಹ್," ಎಂದಳು ಇಬಾನ್ರಿ ಮೂರನೆಯ ಮುಖಪುಟ ನೋಡಿ. ಅಲ್ಲಿ ಹಿರಿಯರನ್ನು ಹಾಗೇ ಕರೆಯುತ್ತಾರೆ. "ಇದನ್ನ ನೋಡಿದ್ರೆ ಓದೋದಕ್ಕಿಂತ ಮುಂಚೆ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸ್ಬೇಕು ಅನ್ನಿಸುತ್ತೆ."

ಇದೂ ಹಾಡಿನ ಪತ್ರಿಕೆಯ ಮೊದಲ ಸಂಚಿಕೆಯೇ, ಎಡ್ವೆಲ್‌ಗೆ ಕೊಟ್ಟ ಮಾತು ಈಗ ಉಳಿಸಬಹುದು ಎಂದು ಆಗ ಅವನಿಗೆ ಹೊಳೆಯಿತು. ಬಿಸ್ಕತ್ತಿನ ಹಳೆ ಡಬ್ಬಿ ತಡಕಿ ಒಂದು ಫೋಟೋ ತೆಗೆದ. ಚರ್ಚ್ ಸಭಾಂಗಣದ ವೇದಿಕೆ, ಕೆಂಪು ಗಿಟಾರು, ಮುಖದ ಅರ್ಧ ಮುಚ್ಚಿದ ಕೂದಲು, ಕೂದಲ ಸಂದಿಯಿಂದ ಲೋಕವನ್ನೇ ಎತ್ತಿ ಜೇಬಿಗೆ ಹಾಕಿಕೊಳ್ಳುವಂಥ ಒಂದು ನೋಟ. ಎಡ್ವೆಲ್, ಹತ್ತೊಂಬತ್ತರವನು.

ಇಬಾನ್ರಿ ಕುಣಿದುಬಿಟ್ಟಳು. "ಅಯ್ಯೋ ಬಾಹ್, ಯಾರಿವನು? ಯಾವ ಬ್ಯಾಂಡು?"

"ಹೊಸ ಹುಡುಗ," ಎಂದು ಕಿಟ್‌ಬೊಕ್ ಸುಳ್ಳು ಹೇಳಿದ. ಮುಖಪುಟದ ಕೆಳಗೆ ಸಣ್ಣಕ್ಷರದಲ್ಲಿ 'ಎಡ್ವೆಲ್' ಎಂದು ಹಾಕಿದ. ಮೇಲೆ ಅಂಗೈ ಅಗಲದ ಎರಡು ಕೆಂಪು ಅಂಕಿ. ಕಪ್ಪು ಗೆರೆ ಇಲ್ಲ, ಪಾರಿವಾಳ ಇಲ್ಲ.

ಅಚ್ಚಿಗೆ ಹೋಗುವ ದಿನ ಬೆಳಿಗ್ಗೆ, ಜದೋಹ್ ಅನ್ನದ ತಟ್ಟೆಯ ಪಕ್ಕದಲ್ಲಿ ಮುಖಪುಟದ ಮಾದರಿ ಹಾಳೆ ಬಿಚ್ಚಿಟ್ಟುಕೊಂಡು ಕೂತಿದ್ದ. ಹೆಂಡತಿ ದರಿಶಾ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಆಹಾ, ಯಾರಿದು? ಎಂಥಾ ನೋಟ! ಇಂಥವನೊಬ್ಬ ನನಗೂ ಆಗ ಸಿಗಬಾರ್ದಿತ್ತಾ?"

"ನಾನಿದ್ನಲ್ಲ."

"ನೀನಾ? ನೀನು ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡೇ ಹುಟ್ಟಿದೋನು."

ಮನೆ ಅತ್ತೆಯದು. ಅಲ್ಲಿ ಮನೆ ಯಾವಾಗಲೂ ಹೆಣ್ಣಿನದೇ, ಅಳಿಯ ಬಂದು ಇರುವವನು. ಅವನು ಮೇಯ್, ಅಂದರೆ ಅಮ್ಮ, ಎಂದು ಕರೆಯುವ ಅತ್ತೆ ಅಡಿಕೆ ಜಗಿಯುತ್ತ, ಹಾಳೆಯನ್ನು ತೋಳಿನುದ್ದಕ್ಕೆ ಹಿಡಿದು ನೋಡಿದಳು.

"ಈ ಮುಖ ಎಲ್ಲೋ ನೋಡಿದೀನಿ. ಉದ್ಧಾರ ಆಗೋ ಮುಖ ಅಲ್ಲ."

"ಮೇಯ್, ನಿಮಗೆ ಯಾರ ಮುಖ ಹಿಡಿಸಿದೆ ಹೇಳಿ," ಎಂದು ಗೊಣಗಿ ಕಿಟ್‌ಬೊಕ್ ಹಾಳೆ ಮಡಚಿಕೊಂಡು ಹೊರಟ.

ತೊಂದರೆ ಶುರುವಾದದ್ದು ಒಂದು ತುಂಡು ಅಂಟುಪಟ್ಟಿಯಿಂದ. ಮುಖಪುಟವನ್ನು ಅಚ್ಚಿನ ಮನೆಯ ಮುಂದಿನ ಗಾಜಿಗೆ ಅಂಟಿಸಿ, ರಸ್ತೆ ದಾಟಿ, ಆ ಬದಿಯಿಂದ ನೋಡುವುದು ಅವನ ಕೆಲಸದ ಪದ್ಧತಿ. ದೂರದಿಂದ ಕಂಡರೇ ಅದು ಮುಖಪುಟ. ಕಂಡಿತು, ಚೆನ್ನಾಗಿಯೇ ಕಂಡಿತು. ತೆಗೆಯುವುದನ್ನು ಮರೆತು ಒಳಗೆ ಹೋದ.

ಶಿಲ್ಲಾಂಗಿನಲ್ಲಿ ಹಾವಿನ ಕನಸಿಗೂ ಒಂದು ಅಂಕಿ, ಹೆಣದ ಕನಸಿಗೂ ಒಂದು ಅಂಕಿ. ಎರಡಂಕಿಯನ್ನು ಸುಮ್ಮಸುಮ್ಮನೆ ಗೋಡೆಗೆ ಬರೆಯುವ ಮನುಷ್ಯ ಅಲ್ಲಿ ಇನ್ನೂ ಹುಟ್ಟಿಲ್ಲ. ಹಾಸ್ಟೆಲುಗಳಲ್ಲಿ ಬೆಳೆದ ಇಬಾನ್ರಿಗೆ ಅದು ಹೊಳೆಯದಿದ್ದರೆ ಸರಿ. ಇಡೀ ಆಯುಷ್ಯ ಅಲ್ಲೇ ಕಳೆದ ಕಿಟ್‌ಬೊಕ್‌ಗೆ ಹೊಳೆಯಬೇಕಿತ್ತು.

ಎದುರಿನ ಚಹದಂಗಡಿಯ ಕಾಂಗ್ ಬಿನೊಲಿನ್ ಮೊದಲು ನೋಡಿದಳು. ಕಾಂಗ್ ಎಂದರೆ ಅಲ್ಲಿ ಅಕ್ಕ. ಬಿಸಿ ಕೆಂಪು ಚಹ ಹಿಡಿದು ತಾನೇ ಒಳಗೆ ಬಂದಳು. ಹದಿನೈದು ವರ್ಷದಲ್ಲಿ ಒಮ್ಮೆಯೂ ಹಾಗೆ ಬಂದವಳಲ್ಲ.

"ಬಾಹ್, ಹತ್ತೊಂಬತ್ತು ಮೊದಲ್ನೇ ಸುತ್ತಿಗೋ, ಎರಡನೇದಕ್ಕೋ?"

"ಅಯ್ಯೋ ಕಾಂಗ್, ಅದು ಪತ್ರಿಕೆ ಹೆಸರು. ಟೀರ್‌ಗೂ ಅದಕ್ಕೂ ಸಂಬಂಧ ಇಲ್ಲ."

"ಆಯ್ತಪ್ಪ, ಸಂಬಂಧ ಇಲ್ಲ," ಎಂದು ಅವಳು ಕಣ್ಣು ಮಿಟುಕಿಸಿದಳು. "ಯಾರಿಗೂ ಹೇಳಲ್ಲ."

ಕಾಲು ಗಂಟೆಯಲ್ಲಿ ಗಾಜಿನ ಮುಂದೆ ಜನಜಾತ್ರೆಯಾಯಿತು. ಬಾಗಿಲಿಗೆ ಬಂದು ನಿಂತು ಕಿಟ್‌ಬೊಕ್ ಕೈಮುಗಿದ. "ದಯವಿಟ್ಟು ಹೋಗಿ. ಇದು ಅಂಕಿಯಲ್ಲ, ಹುಡುಗರ ಪತ್ರಿಕೆ."

"ನೋಡಿದ್ರಾ, ಬಚ್ಚಿಡ್ತಿದ್ದಾನೆ!" ಎಂದರು ಹಿಂದಿನವರು. ಇಲ್ಲ ಎಂದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಗಿಟಾರಿಗೆ ಆರು ತಂತಿ, ಹುಡುಗನ ಕೋಟಿಗೆ ಮೂರು ಗುಂಡಿ, ಆರೂ ಮೂರೂ ಒಂಬತ್ತು, ನಿಂತವನು ಒಬ್ಬ, ಒಂದರ ಪಕ್ಕ ಒಂಬತ್ತು, ಅಲ್ಲಿಗೆ ಹತ್ತೊಂಬತ್ತು ಸರಿಹೋಯಿತು ಎಂದು ಒಬ್ಬ ಬಿಡಿಸಿ ಹೇಳಿದ. ಜನ ಹೌದಲ್ಲ ಹೌದಲ್ಲ ಎಂದು ಬೆರಗಾದರು.

ಆ ಕೇರಿಯ ಮುಖ್ಯಸ್ಥ ಬಾಹ್ ಬ್ರಾಂಡಿಸ್ ಗುಂಪು ಚದುರಿಸಲೆಂದು ಬಂದ. ಭಾನುವಾರದ ಪ್ರಾರ್ಥನೆಯಲ್ಲಿ ಪಣದ ಚಟದ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುವವನು ಅವನು. ಒಳಗೆ ಬಂದು ಬಾಗಿಲು ಹಾಕಿ, ದನಿ ತಗ್ಗಿಸಿದ.

"ಕಿಟ್‌ಬೊಕ್, ನಾನಂತೂ ಆಡೋನಲ್ಲ. ನಿನಗೆ ಗೊತ್ತು."

"ಗೊತ್ತು, ಬಾಹ್."

"ನನ್ನ ಹೆಂಡತಿ ಕೇಳ್ಕೊಂಡು ಬಾ ಅಂದಿದಾಳೆ. ಕನಸೋ, ಇಲ್ಲಾ ಬಿಲ್ಲುಗಾರರಲ್ಲಿ ಯಾರಾದ್ರೂ ನಿನ್ನ ಕಡೆಯೋರೋ?"

"ಬಾಹ್, ಅದು ಇಬಾನ್ರಿ ಇಟ್ಟ ಹೆಸರು!"

"ಹೆಣ್ಣುಮಗು ಬಾಯಲ್ಲಿ ಬಂದಿದ್ದಾ?" ಬ್ರಾಂಡಿಸ್‌ನ ಕಣ್ಣು ಅರಳಿತು. "ಹಾಗಾದ್ರೆ ಎರಡೂ ಸುತ್ತಿಗೆ ಕಟ್ತೀನಿ. ಅಂದ್ರೆ, ಅವಳು ಕಟ್ತಾಳೆ."

ಮಧ್ಯಾಹ್ನ ಮುಖಪುಟ ಅಚ್ಚಿಗೇರಬೇಕಿತ್ತು. ಯಂತ್ರದವನು ಮಸಿ ಒರೆಸಿಕೊಳ್ಳುತ್ತ, "ಎರಡೇ ನಿಮಿಷ, ಬಾಹ್," ಎಂದು ಹೋದವನು ಬರಲಿಲ್ಲ. ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ಪತ್ರಿಕೆಯ ಬಿಡುಗಡೆ. ಇಬಾನ್ರಿ ಫೋನಿನಲ್ಲಿ ಕೂಗುತ್ತಿದ್ದಳು. ಕಿಟ್‌ಬೊಕ್ ಅಂಗಿಯ ತೋಳು ಮಡಚಿ, ತಾನೇ ಯಂತ್ರ ಓಡಿಸಿದ. ಎರಡು ಸಾವಿರ ಸಲ ಆ ಹುಡುಗ ಯಂತ್ರದ ಬಾಯಿಂದ ಹೊರಬಂದ. ಪ್ರತಿ ಸಲವೂ ಕಿಟ್‌ಬೊಕ್ ಮನಸ್ಸಿನಲ್ಲೇ ಹೇಳಿಕೊಂಡ: ತಗೋ ಎಡ್ವೆಲ್, ತಗೋ. ಸಾವಿರದ ಹತ್ತಿರ ಬಂದಾಗ ಕಣ್ಣು ಮಂಜಾಯಿತು. ಮಸಿಯ ವಾಸನೆ ಎಂದುಕೊಂಡ. ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಂತಿದ್ದೆ ಎಂಬುದು ಅವನಿಗೆ ಈಗಲೂ ನೆನಪಿತ್ತು. ಓಡಿದ್ದರೆ ಮೊದಲ ತಿರುವಿನಲ್ಲೇ ಹಿಡಿಯಬಹುದಿತ್ತು. ಆ ತಿರುವಿನಲ್ಲಿ ಬಸ್ಸುಗಳು ನಿಧಾನಿಸುತ್ತವೆ.

ಕೊನೆಯ ಹಾಳೆ ಬೀಳುವ ಹೊತ್ತಿಗೆ ಬೀದಿಯಲ್ಲಿ ದೊಡ್ಡದೊಂದು ನಿಟ್ಟುಸಿರು ಎದ್ದಿತು. ಮೊದಲ ಸುತ್ತಿನ ಫಲ ಬಂದಿತ್ತು.

ಇಪ್ಪತ್ತು.

"ಒಂದೇ ಒಂದು ಬಾಣ!" ಕಾಂಗ್ ಬಿನೊಲಿನ್ ಚಹದ ಸೌಟು ಹಿಡಿದೇ ಬಂದಳು. "ಒಂದು ಬಾಣ ಜಾಸ್ತಿ ನೆಟ್ಟುಬಿಡ್ತಲ್ಲೋ! ಇಪ್ಪತ್ತು ಅಂತ ಬರೆಯೋಕೆ ನಿನಗೇನಾಗಿತ್ತು ದಾಡಿ?"

"ನಾನು ಆಡಿ ಅಂತ ಹೇಳೇ ಇಲ್ಲ ಕಾಂಗ್!"

"ಆಡ್ಬೇಡಿ ಅಂತ ಅಷ್ಟು ಸಲ ಯಾಕೆ ಹೇಳಿದ್ದು ಮತ್ತೆ? ಬೇಡ ಅಂತ ಎರಡು ಸಲ ಹೇಳ್ತಾರೆ ಯಾರಾದ್ರೂ. ನೀನು ನಲವತ್ತು ಸಲ ಹೇಳ್ದೆ!"

ಎರಡನೆಯ ಸುತ್ತಿಗೂ ಹತ್ತೊಂಬತ್ತು ಬರಲಿಲ್ಲ, ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಬಾಹ್ ಬ್ರಾಂಡಿಸ್ ಬಾಗಿಲಿಗೆ ಬಂದು, ಪಣದ ಚಟ ಹಬ್ಬಿಸಿದ್ದಕ್ಕೆ ಕೇರಿಯ ಸಭೆಯಲ್ಲಿ ಉತ್ತರ ಕೊಡಬೇಕೆಂದು ಗಂಭೀರವಾಗಿ ಹೇಳಿಹೋದ. ಅವನ ದನಿಯಲ್ಲಿ ಸೋತ ಹೆಂಡತಿಗಿಂತ ಹೆಚ್ಚಿನ ಸಂಕಟವಿತ್ತು. ಯಂತ್ರದವನು ವಾಪಸ್ಸು ಬಂದು ಮೂಲೆಯಲ್ಲಿ ಮುಖ ತಿರುಗಿಸಿ ಕೂತ.

ಕಿಟ್‌ಬೊಕ್ ಒಂದು ಮುಖಪುಟವನ್ನು ಕೋಟಿನೊಳಗೆ ಇಟ್ಟುಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದ. ಈ ಸಲ ನೂರಾಹನ್ನೆರಡು ಮೆಟ್ಟಿಲು ಹತ್ತಲಿಲ್ಲ. ಇಳಿಜಾರು ಹಿಡಿದು, ಎರಡು ತಿರುವು ದಾಟಿ, ಇಪ್ಪತ್ತಾರು ವರ್ಷ ತಪ್ಪಿಸಿಕೊಂಡ ಆ ಹಸಿರು ಹಲಗೆಯ ಗೂಡಿನ ಮುಂದೆ ನಿಂತ.

ಎಡ್ವೆಲ್ ಚೀಟಿ ಪುಸ್ತಕ ಮುಚ್ಚುತ್ತಿದ್ದ. ದಪ್ಪಗಾಗಿದ್ದ. ಕಿವಿಯ ಮೇಲೆ ಪೆನ್ನು. ತಲೆ ಎತ್ತಿ, ನಿನ್ನೆ ತಾನೇ ನೋಡಿದವನ ಹಾಗೆ ನಕ್ಕ.

"ಬಾರೋ ಜ್ಯೋತಿಷಿ! ಇಡೀ ಕೇರಿ ಹತ್ತೊಂಬತ್ತಕ್ಕೇ ಕಟ್ಟಿತ್ತು. ಬರೆದೂ ಬರೆದೂ ಕೈ ಬಿದ್ದುಹೋಯ್ತು. ಅಡಿಕೆ ಹಾಕ್ಕೋ." ತಾನೇ ಎಲೆಗೆ ಸುಣ್ಣ ಹಚ್ಚಿ ಕೊಟ್ಟ. "ಎಲ್ರೂ ಹೇಳಿದ್ರು, ಕಿಟ್‌ಬೊಕ್ ಹಾಡಿನ ಪತ್ರಿಕೆ ಮಾಡಿದಾನೆ, ಮುಖಪುಟದಲ್ಲಿ ಕೆಂಪು ಗಿಟಾರು ಅಂತ."

ಕಿಟ್‌ಬೊಕ್ ಎಲೆಯನ್ನು ಬಾಯಿಗಿಟ್ಟುಕೊಂಡ. "ಬಸ್ ನಿಲ್ದಾಣದಲ್ಲಿ ಹೇಳಿದ್ದೆನಲ್ಲ. ನಿನಗೆ ಮರೆತಿರಬಹುದು."

ಎಡ್ವೆಲ್ ಹಿಂದಿನ ಗೋಡೆ ತೋರಿಸಿದ. ತಂತಿಯಿಲ್ಲದ ಕೆಂಪು ಗಿಟಾರು ಅಲ್ಲಿ ತೂಗುತ್ತಿತ್ತು. ಅದರ ಪಕ್ಕದಲ್ಲಿ, ಹಲಗೆಯ ಹಸಿ ಪುಡಿ ಇನ್ನೂ ಉದುರಿಕೊಂಡಿದ್ದ ಒಂದು ಹೊಸ ಮೊಳೆ.

"ಮಧ್ಯಾಹ್ನವೇ ಹೊಡೆದೆ. ಬಂದು ನೋಡು ಅಂತ ಹೆಂಡತಿಗೂ ಫೋನ್ ಮಾಡಿ ಹೇಳಿದೀನಿ. ತೋರಿಸು, ತೋರಿಸು."

ಕಿಟ್‌ಬೊಕ್ ಕೋಟಿನಿಂದ ಮುಖಪುಟ ತೆಗೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಎಡ್ವೆಲ್ ಕನ್ನಡಕ ಹುಡುಕಿ ಹಾಕಿಕೊಂಡ. ದೀಪದ ಕೆಳಗೆ ಹಿಡಿದ. ಹತ್ತಿರ ತಂದ, ದೂರ ಒಯ್ದ. ಕೆಳಗೆ ಸಣ್ಣಕ್ಷರದಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಾಡಿಸಿದ.

"ಕಿಟ್‌ಬೊಕ್."

"ಹ್ಞೂಂ."

"ಇದು ನೀನಲ್ವೇನೋ?"

ಕಿಟ್‌ಬೊಕ್ ನಕ್ಕ. "ಹುಚ್ಚಾ, ಕೆಂಪು ಗಿಟಾರು ಕಾಣ್ತಿಲ್ವಾ?"

"ಗಿಟಾರು ನಂದೇ. ಕ್ರಿಸ್‌ಮಸ್ ಕಾರ್ಯಕ್ರಮ ಅದು. ನನಗೆ ಮಂಗನಬಾವು ಬಂದು ಕೆನ್ನೆ ಕುಂಬಳಕಾಯಿ ಆಗಿರ್ಲಿಲ್ವಾ? ಪರದೆ ಹಿಂದೆ ತಲೆಗೆ ಮಫ್ಲರ್ ಸುತ್ಕೊಂಡು ಕೂತಿದ್ದೆ. ನೀನೇ ನನ್ನ ಗಿಟಾರು ಹಿಡ್ಕೊಂಡು ಮುಂದೆ ನಿಂತೆ. ಈ ಕೋಟು ನೋಡು. ನಿಮ್ಮಪ್ಪಂದು. ಮೂರು ಗುಂಡಿ. ಕೆಳಗಿನ ಗುಂಡಿಗೆ ನಿಮ್ಮ ಮೇಯ್ ಬಿಳೀ ದಾರ ಹಾಕಿ ಹೊಲಿದಿದ್ರು ಅಂತ ಆವತ್ತೆಲ್ಲ ಅಳ್ತಿದ್ದೆ ನೀನು."

ಕಿಟ್‌ಬೊಕ್ ಹಾಳೆ ತೆಗೆದುಕೊಂಡು ನೋಡಿದ. ಬಿಳೀ ದಾರ ಇತ್ತು. ಕೂದಲ ಸಂದಿಯ ಆ ನೋಟವನ್ನು ನೋಡಿದ. ತಿಂಗಳಿಡೀ ಅದನ್ನು ಹಿಗ್ಗಿಸಿದ್ದ, ಕುಗ್ಗಿಸಿದ್ದ, ಕಪ್ಪು ಹೆಚ್ಚಿಸಿ ಬಿಳುಪು ತಗ್ಗಿಸಿದ್ದ. ಇಂಥವನೊಬ್ಬ ಬಸ್ಸು ಬಿಟ್ಟು ಕೆಳಗೆ ಉಳಿಯುವವನಲ್ಲ ಎಂದು ಪ್ರತಿ ಸಲ ಅಂದುಕೊಂಡಿದ್ದ. ಗಾಜಿನ ಮುಂದೆ ಬೆಳಿಗ್ಗೆಯಿಂದ ನಿಂತ ನೂರು ಜನರಲ್ಲಿ ಒಬ್ಬರೂ ಆ ಮುಖ ನೋಡಿರಲಿಲ್ಲ. ಸ್ವಲ್ಪಮಟ್ಟಿಗೆ ಗುರುತು ಹಿಡಿದವಳು ಅತ್ತೆಯೊಬ್ಬಳೇ.

"ಎರಡನೇ ಸಂಚಿಕೆಗೆ..." ಎಂದು ಶುರುಮಾಡಿದ.

"ಎರಡನೇದಕ್ಕೆ ಆ ಹುಡುಗಿ ಡ್ರಮ್ ಬಾರಿಸೋ ಮಗೂನ ಗೊತ್ತು ಮಾಡಿದಾಳಂತೆ. ನಿನ್ನ ಯಂತ್ರದವನು ಹೇಳ್ದ." ಎಡ್ವೆಲ್ ಹಾಳೆಯನ್ನು ವಾಪಸ್ಸು ತೆಗೆದುಕೊಂಡ. "ಹೆಸರು ನಂದು, ಮುಖ ನಿಂದು. ಹೋಗ್ಲಿ ಬಿಡು. ಚೆನ್ನಾಗಿದ್ದೆ ಕಣೋ ನೀನು."

ಮೊಳೆ ಹೊಡೆದಾಗಿತ್ತು. ಖಾಲಿ ಬಿಡುವುದು ಬೇಡವೆಂದು ಎಡ್ವೆಲ್ ಮುಖಪುಟವನ್ನು ಅದಕ್ಕೇ ಸಿಕ್ಕಿಸಿದ, ಒಂದು ಹೆಜ್ಜೆ ಹಿಂದೆ ಸರಿದು ನೆಟ್ಟಗಿದೆಯೇ ನೋಡಿದ, ಆಮೇಲೆ ಹೆಂಡತಿಗೆ ಫೋನ್ ಮಾಡಿ ಬರುವುದು ಬೇಡ ಎಂದ.

ಎರಡು ಸಾವಿರ ಪ್ರತಿಗಳು ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋದವು. ಕಿಟ್‌ಬೊಕ್ ಕೊಟ್ಟ ಮಾತು ಉಳಿಯಲಿಲ್ಲ.